ಎದೆಯ ಬೆಂಕಿ ಮತ್ತು ನಾಲ್ಕರ ಬಸ್ಸು

ಸೇವಾ ಸಂಸ್ಥೆಯಲ್ಲಿ ಕೆಲಸ ಮಾಡುವವರಿಗೆ ಇಂಥ ಪ್ರಸಂಗಗಳು ಆಗುತ್ತಲೇ ಇರುತ್ತವೆ. ಏನೂ ಆಗದ ದಿನ ಕಚೇರಿಗೆ ರಜೆ ಇತ್ತೆಂದು ತಿಳಿಯಬೇಕು. ನಮ್ಮ ಅಧ್ಯಕ್ಷರು ರಜೆಗಳನ್ನೂ ರದ್ದು ಮಾಡಿದ್ದರಿಂದ ನನಗೆ ಹೇಳಲು ಸರಕಿನ ಕೊರತೆಯಿಲ್ಲ.

ನಾನು ಗದಗಿನ ಒಂದು ಸಣ್ಣ ಸಂಸ್ಥೆಯಲ್ಲಿ ಗುಮಾಸ್ತ. ವಯಸ್ಸಾಗಿ ಹತ್ತಿರದ್ದು ಕಾಣದಂತಾದ ನೇಕಾರರಿಗೂ ದರ್ಜಿಗಳಿಗೂ ಕನ್ನಡಕ ಕೊಡುವುದು ಸಂಸ್ಥೆಯ ಉದ್ದೇಶ. ಉದ್ದೇಶ ಇಷ್ಟು ಸರಳವಾಗಿರುವುದು ಅಧ್ಯಕ್ಷರಿಗೆ ಮೊದಲಿನಿಂದಲೂ ಸ್ವಲ್ಪ ಕಿರಿಕಿರಿ.

೧. ನಿದ್ದೆ ಬಿಡುವ ಪ್ರತಿಜ್ಞೆ

ಕನ್ನಡಕ ಯೋಜನೆಯ ಉದ್ಘಾಟನೆ ಬೆಟಗೇರಿಯ ನೇಕಾರರ ಓಣಿಯಲ್ಲಿ. ಅಧ್ಯಕ್ಷರು ನಿವೃತ್ತ ಮೇಷ್ಟ್ರು. ಮೈಕು ಕಂಡರೆ ಅವರ ಕಣ್ಣಲ್ಲಿ ನೀರು ಬರುತ್ತದೆ. "ಬೆಟಗೇರಿಯ ಕೊನೆಯ ನೇಕಾರನ ಕಣ್ಣಿಗೆ ಬೆಳಕು ಬರುವವರೆಗೆ ನಮಗೆ ನಿದ್ದೆಯಿಲ್ಲ" ಎಂದು ಅವರು ಹೇಳಿಕೊಟ್ಟರು. ನಾವೆಲ್ಲ ಕೈ ಮುಂದೆ ಚಾಚಿ ಹಾಗೆಯೇ ಹೇಳಿದೆವು.

ಮುಂದಿನ ಸಾಲಿನಿಂದ ಒಬ್ಬ ಮುದುಕಿ ಎದ್ದಳು. ಓಣಿಯವರೆಲ್ಲ ಆಕೆಯನ್ನು ಆಯಿ ಎನ್ನುತ್ತಾರೆ. ಆಕೆಯ ಮಗ್ಗದಲ್ಲಿ ಎಳೆ ಹರಿದರೆ ಆಕೆಗೆ ಕಾಣುತ್ತಿರಲಿಲ್ಲ. ಎರಡು ಸೀರೆ ಹುಬ್ಬಳ್ಳಿ ಅಂಗಡಿಯಿಂದ ತಿರುಗಿ ಬಂದಿದ್ದವು. ಈಗ ಮಗ್ಗದ ಮೇಲಿರುವುದೂ ತಿರುಗಿ ಬಂದರೆ ಮುಂದೆ ನೂಲು ಕೊಡುವುದಿಲ್ಲ ಎಂದು, ನೂಲು ಕೊಟ್ಟು ಸೀರೆ ನೇಯಿಸಿ ಮಾರುವ ಆಕೆಯ ಸಾವಕಾರರು ಹೇಳಿಬಿಟ್ಟಿದ್ದರು. ನೂಲಿಲ್ಲದ ಮಗ್ಗ ಬರೀ ಕಟ್ಟಿಗೆ.

"ಸರ, ನೀವು ಹೊಟ್ಟಿ ತುಂಬ ಉಂಡು ನಿದ್ದಿ ಮಾಡ್ರಿ" ಎಂದಳು ಆಯಿ. "ನೀವು ನಿದ್ದಿಗೆಟ್ಟು ನನಗೇನ ಆಗಬೇಕಾಗೈತಿ? ಸೀರಿ ಮೈ ಬೆರಳಿಲೆ ತಡವಿ ತಡವಿ ನೇಯ್ತೀನಿ. ಸೆರಗಿಗೆ ಕಣ್ಣು ಬೇಕ. ಸೆರಗು ಬರೂದ್ರಾಗ ಚಸ್ಮಾ ಕೊಡ್ತೀರೋ ಇಲ್ಲೋ, ಅದನ್ನ ಹೇಳ್ರಿ."

ಅಧ್ಯಕ್ಷರು ಭಾವುಕರಾಗಿ ಇನ್ನೊಂದು ಪ್ರತಿಜ್ಞೆ ಮಾಡಿಸಿದರು.

೨. ಲಕ್ಷ್ಮೇಶ್ವರದ ಕಣ್ಣುಗಳು

ಕೆಲಸಕ್ಕೆ ಮೊದಲು ಸಮೀಕ್ಷೆ ಆಗಬೇಕು. ಹೊಸದಾಗಿ ಸೇರಿದ್ದ ಕಾರ್ಯಕರ್ತೆ ಮುಂದಾದಳು. ಊಟದ ಡಬ್ಬಿ ಮರೆತು ಬರುತ್ತಿದ್ದಳೇ ಹೊರತು ಧ್ಯೇಯ ಮರೆತು ಬಂದವಳಲ್ಲ. ಲಕ್ಷ್ಮೇಶ್ವರದ ದರ್ಜಿಗಳ ಓಣಿಯಲ್ಲಿ ಫಾರ್ಮು ಹಂಚಿದಳು. ಜನರ ಪರವಾಗಿ ನಾವು ತುಂಬಿದರೆ ಅವರ ಸ್ವಾಭಿಮಾನಕ್ಕೆ ಪೆಟ್ಟು, ಅವರೇ ಓದಿ ಅವರೇ ತುಂಬಬೇಕು ಎಂಬುದು ಆಕೆಯ ನಿಲುವು. ಕಾಗದ ಉಳಿಸುವುದೂ ನಿಲುವೇ ಆದ್ದರಿಂದ ಎಲ್ಲ ಪ್ರಶ್ನೆಗಳನ್ನೂ ಒಂದೇ ಹಾಳೆಯಲ್ಲಿ ಹಿಡಿಸಿದ್ದಳು. ಅಕ್ಷರಗಳು ಎಳ್ಳಿನಷ್ಟಿದ್ದವು.

ಒಬ್ಬ ವಯಸ್ಸಾದ ದರ್ಜಿ ಹಾಳೆಯನ್ನು ಕೈಯುದ್ದ ದೂರ ಹಿಡಿದ. "ಏನ ಬರದೈತಿ ಬೇಟಿ ಇದ್ರಾಗ?"

"ನೀವ ಓದ್ರಿ ಕಾಕಾ. ಅದು ನಿಮ್ಮ ಹಕ್ಕು."

"ಹಕ್ಕು ಭಾಳ ಸಣ್ಣದೈತಲ್ಲವಾ" ಎಂದು ಆತ ಹಾಳೆಯನ್ನು ಹಾಗೆಯೇ ಮರಳಿಸಿದ. ಓಣಿಯವರೆಲ್ಲ ಹಾಗೆಯೇ ಮರಳಿಸಿದರು.

'ಸಣ್ಣ ಅಕ್ಷರ ಓದಲು ನಿಮಗೆ ತೊಂದರೆಯಿದೆಯೇ?' ಎಂಬ ಪ್ರಶ್ನೆಗೆ ಒಬ್ಬರೂ ಹೌದು ಎಂದು ಗುರುತು ಹಾಕಿರಲಿಲ್ಲ. ಲಕ್ಷ್ಮೇಶ್ವರದ ದರ್ಜಿಗಳಲ್ಲಿ ದೃಷ್ಟಿದೋಷ ಕಂಡುಬಂದಿಲ್ಲ ಎಂದು ವರದಿ ತಯಾರಾಯಿತು. ವರದಿಯ ಅಕ್ಷರಗಳು ಮಾತ್ರ ದಪ್ಪಗಿದ್ದವು.

೩. ಶಿರಹಟ್ಟಿಗೆ ಕಾಲ್ನಡಿಗೆ

ಶಿರಹಟ್ಟಿಯಲ್ಲಿ ಕಣ್ಣಿನ ಶಿಬಿರ ಎಂದಾಯಿತು. ಬಸ್ಸಿನಲ್ಲಿ ಹೋದರೆ ಜನರಲ್ಲಿ ಅರಿವು ಮೂಡುವುದಿಲ್ಲ ಎಂದು ಅಧ್ಯಕ್ಷರು ಗದಗಿನಿಂದ ನಡೆಸಿಕೊಂಡು ಹೊರಟರು. ದಾರಿಯುದ್ದಕ್ಕೂ ಘೋಷಣೆ. ಕೇಳುವವರೆಲ್ಲ ಹೊಲದಲ್ಲಿದ್ದರು. ನಾನು ಗುಮಾಸ್ತನಾದ್ದರಿಂದ ಬ್ಯಾನರು, ಔಷಧಿ ಪೆಟ್ಟಿಗೆಗಳ ಜೊತೆ ಟಂಟಂನಲ್ಲಿ ಹೋದೆ. ಈ ವಿಷಯದಲ್ಲಿ ನನ್ನ ಬದ್ಧತೆಯನ್ನು ಇಂದಿಗೂ ಅನುಮಾನಿಸುತ್ತಾರೆ.

ಮರುದಿನ ಬೆಳಿಗ್ಗೆ ಡಾಕ್ಟರು ಬಂದು ನೋಡಿದರೆ, ಶಿಬಿರ ನಡೆಸಬೇಕಾದವರೆಲ್ಲ ಶಾಲೆಯ ಕಟ್ಟೆಯ ಮೇಲೆ ಸಾಲಾಗಿ ಕುಳಿತು ಬಿಸಿನೀರಿನ ಬಕೆಟ್ಟುಗಳಲ್ಲಿ ಕಾಲಿಟ್ಟಿದ್ದರು. ಹೆಸರು ಬರೆಯಲು ಒಬ್ಬರೂ ಎದ್ದು ನಿಲ್ಲುವಂತಿರಲಿಲ್ಲ. ಕಣ್ಣು ತೋರಿಸಲು ಬಂದಿದ್ದ ಊರಿನ ಹೆಂಗಸರೇ ಅರಿಸಿನ, ಎಣ್ಣೆ ತಂದು ಇವರ ಪಾದಗಳಿಗೆ ಹಚ್ಚಿದರು.

ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ಗುಮಾಸ್ತರ, ಖರೆ ಹೇಳ್ರಿ. ನನ್ನ ಕಣ್ಣಿನ ಡಾಕ್ಟರ ಅಂತ ಕರದೀರೋ, ಕಾಲಿನ ಡಾಕ್ಟರ ಅಂತೋ?"

ಗದಗಿಗೆ ಮರಳಿದಾಗ ಆಯಿ ಕಚೇರಿಯ ಬಾಗಿಲಲ್ಲಿದ್ದಳು. ದಿನಕ್ಕೆ ನಾಲ್ಕೇ ಬೆರಳು ನೇಯ್ದು ಸೀರೆಯ ಕೆಲಸವನ್ನು ಬೇಕೆಂದೇ ಎಳೆಯುತ್ತಿದ್ದಳಂತೆ. "ಸೆರಗು ಹತ್ರ ಬಂತು. ನಿಮ್ದು ಎಲ್ಲಿತನಕ ಬಂತು?"

ನಮ್ಮದು ಶಿರಹಟ್ಟಿಯ ತನಕ ಹೋಗಿ ವಾಪಸು ಬಂದಿತ್ತು.

೪. ಸಂದರ್ಶನ

ಕೊನೆಗೆ ಕನ್ನಡಕ ಮಾಡುವವರು ಯಾರಾದರೂ ಬೇಕಲ್ಲ ಎಂಬ ಮಾತು ಎದ್ದಿತು. ಮುಂಡರಗಿಯಲ್ಲಿ ಸಣ್ಣದೊಂದು ಚಸ್ಮಾದ ಅಂಗಡಿ ಇಟ್ಟಿದ್ದ, ಎಲ್ಲರೂ ಚಾಚಾ ಎನ್ನುವವನನ್ನು ಕರೆಸಿದೆವು. ಅಧ್ಯಕ್ಷರು ಸಂದರ್ಶನಕ್ಕೆ ಕುಳಿತರು.

"ಬಡವರನ್ನು ಕಂಡರೆ ನಿಮ್ಮ ಎದೆಯಲ್ಲಿ ಬೆಂಕಿ ಉರಿಯುತ್ತದೆಯೇ?"

ಚಾಚಾ ವಿಚಾರ ಮಾಡಿ ಹೇಳಿದ: "ಇಲ್ರಿ ಸರ. ಬೆಂಕಿ ಹತ್ತಿದ್ರ ಕೈ ನಡಗ್ತಾವ. ಗಾಜು ತಿಕ್ಕಾಕ ಕೈ ನಡಗಬಾರದು."

"ಹೋಗಲಿ, ನಿಮ್ಮ ಗುರಿ ಏನು?"

"ನಾಕರ ಬಸ್ಸು."

"ಅಂದರೆ?"

"ಮುಂಡರಗಿ ಬಸ್ರಿ. ಅದು ತಪ್ಪಿದ್ರ ಡಂಬಳದ ಮಟ ಹೋಗಿ ಅಲ್ಲಿ ಕಾಯಬೇಕಾಗತೈತಿ. ಗುರುವಾರಕ್ಕೊಮ್ಮಿ ಬರ್ತೀನಿ, ನಾಕಕ್ಕ ಹೋಗ್ತೀನಿ. ನಡುವ ಎಷ್ಟು ಮಂದಿ ಬಂದು ಕುಂಡ್ರತಾರೋ ಅಷ್ಟೂ ಮಂದೀದು ಕಣ್ಣು ನೋಡ್ತೀನಿ. ಮುಂದಿನ ಗುರುವಾರ ಚಸ್ಮಾ ತರ್ತೀನಿ."

ಅಧ್ಯಕ್ಷರು ಹಾಳೆಯ ಮೇಲೆ 'ಬದ್ಧತೆ ಇಲ್ಲ' ಎಂದು ಬರೆದರು. ಆದರೆ ಬದ್ಧತೆ ಇದ್ದವರೆಲ್ಲ ಇನ್ನೂ ಕಾಲಿಗೆ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿದ್ದುದರಿಂದ, ಚಾಚಾನನ್ನು ತಾತ್ಕಾಲಿಕವಾಗಿ ತೆಗೆದುಕೊಳ್ಳಲಾಯಿತು.

೫. ಕಪಾಟು

ಚಾಚಾ ಒಂದು ಗುರುವಾರ ಬಂದು ಬೆಟಗೇರಿಯವರ ಕಣ್ಣು ನೋಡಿದ. ಮುಂದಿನ ಗುರುವಾರ ಹೆಸರು ಬರೆದ ಡಬ್ಬಿಗಳಲ್ಲಿ ಕನ್ನಡಕ ತಂದ. ಅಧ್ಯಕ್ಷರು ಅವನ್ನೆಲ್ಲ ಕಪಾಟಿನಲ್ಲಿಟ್ಟು ಕೀಲಿ ಹಾಕಿಸಿದರು. ಮುಖ್ಯ ಅತಿಥಿಗಳು ಬಂದು ವಿತರಿಸಬೇಕಿತ್ತು. ಅವರಿಗೆ ಇನ್ನೂ ಬಿಡುವಾಗಿರಲಿಲ್ಲ. ಮೂರನೆಯ ಗುರುವಾರ ಚಾಚಾ ಬಂದಾಗ ಆಯಿ ಮೆಟ್ಟಿಲ ಮೇಲೆ ಕುಳಿತಿದ್ದಳು.

"ನಾಳೆ ಸೆರಗಿಗೆ ಕೈ ಹಚ್ಚಬೇಕು" ಎಂದಳು. "ಸಾವಕಾರ ಇನ್ನ ತಡಿಯಂಗಿಲ್ಲ."

ಚಾಚಾ ಕಪಾಟನ್ನು ನೋಡಿದ, ಗೋಡೆಯ ಗಡಿಯಾರ ನೋಡಿದ, ನನ್ನನ್ನು ನೋಡಿದ. "ಕೀಲಿ ಯಾರ ಹತ್ರ ಐತ್ರಿ?"

ಕೀಲಿ ನನ್ನ ಹತ್ತಿರವೇ ಇತ್ತು. ನಾನು ಅದನ್ನು ಮೇಜಿನ ಮೇಲೆ ಮರೆತು ಚಹಾ ಹೇಳಲು ಹೋದೆ. ಇಡೀ ವರ್ಷದಲ್ಲಿ ಸಂಸ್ಥೆಗಾಗಿ ನಾನು ಮಾಡಿದ ಪರಿಣಾಮಕಾರಿ ಕೆಲಸ ಅದೊಂದೇ. ವಾಪಸು ಬಂದಾಗ ಡಬ್ಬಿಗಳು ಕಪಾಟಿನಲ್ಲೇ ಇದ್ದವು. ಕೈಯಲ್ಲಿ ಹಿಡಿದರೆ ಮಾತ್ರ ಹಗುರಾಗಿದ್ದವು.

೬. ವಿತರಣಾ ಸಮಾರಂಭ

ಮುಖ್ಯ ಅತಿಥಿ ಮೇಡಂ ಅವರಿಗೆ ಬಿಡುವಾದದ್ದೂ ಒಂದು ಗುರುವಾರವೇ. ಅಧ್ಯಕ್ಷರು ವೇದಿಕೆಯ ಮೇಲೆ ಡಬ್ಬಿ ತೆರೆದರು. ಖಾಲಿ. ಇನ್ನೊಂದು ತೆರೆದರು. ಖಾಲಿ. ತಲೆ ಎತ್ತಿ ನೋಡಿದರೆ ಮುಂದಿನ ಮೂರು ಸಾಲಿನವರೆಲ್ಲ ಕನ್ನಡಕ ಹಾಕಿಕೊಂಡು ಅವರನ್ನೇ ನೋಡುತ್ತಿದ್ದರು.

"ಐದು ನಿಮಿಷ ತೆಗೆದು ಡಬ್ಬಿಯೊಳಗೆ ಹಾಕಿ ಕೊಡ್ರಿ, ಮೇಡಂ ವಾಪಸು ಕೊಡ್ತಾರೆ" ಎಂದು ಅಧ್ಯಕ್ಷರು ಮೆಲ್ಲಗೆ ಬೇಡಿಕೊಂಡರು.

"ಫೋಟೋಕ್ಕ ಡಬ್ಬಿ ಸಾಕಲ್ರಿ" ಎಂದಳು ಆಯಿ. "ಚಸ್ಮಾ ಮೂಗಿನ ಮ್ಯಾಲೆ ಇರ್ಲಿ."

ಹೀಗಾಗಿ ಖಾಲಿ ಡಬ್ಬಿಗಳ ವಿತರಣೆ ವಿಧಿವತ್ತಾಗಿ ನಡೆಯಿತು. ಆಮೇಲೆ ಮೇಡಂ ಅವರಿಗೆ ಸನ್ಮಾನ. ಸ್ಥಳೀಯ ನೇಕಾರರನ್ನು ಪ್ರೋತ್ಸಾಹಿಸಲೆಂದು ಸಂಸ್ಥೆ ಸಾವಕಾರರಿಂದ ಬೆಟಗೇರಿಯ ಸೀರೆಯನ್ನೇ ತರಿಸಿತ್ತು. ಡಬ್ಬಿ ಹಿಡಿದು ವೇದಿಕೆಯ ಮೇಲೇ ನಿಂತಿದ್ದ ಆಯಿ ಅದರ ಸೆರಗನ್ನು ಹಿಡಿದು ಕಣ್ಣಿನ ಹತ್ತಿರ ತಂದಳು.

"ಅಯ್ಯ ಇದೇನ್ರಿ, ಎಳಿ ಹರದಾವ, ಗಂಟು ಬಿಟ್ಟೈತಿ! ಯಾವ ಕುರುಡಿ ನೇಯ್ದಾಳ ಇದನ್ನ?"

ಮುಂದಿನ ಸಾಲಿನಿಂದ ಸಾವಕಾರರು ಶಾಂತವಾಗಿ ಹೇಳಿದರು: "ನೀನ."

ಸಭೆ ನಕ್ಕಿತು. ಆಯಿ ನಗಲಿಲ್ಲ. ವೇದಿಕೆ ಇಳಿದು, ಬಗಲಲ್ಲಿದ್ದ ಗಂಟು ಬಿಚ್ಚಿ, ಅಂದೇ ಮಗ್ಗದಿಂದ ಇಳಿಸಿದ ಸೀರೆಯನ್ನು ಸಾವಕಾರರ ತೊಡೆಯ ಮೇಲೆ ಹಾಸಿದಳು. "ಇದ್ರಾಗ ತಪ್ಪು ತಗೀರಿ ನೋಡೂಣು."

ಸಾವಕಾರರು ಸೆರಗನ್ನು ಹತ್ತಿರ ಹಿಡಿದರು. ದೂರ ಹಿಡಿದರು. ಬಾಗಿಲ ಬೆಳಕಿಗೆ ತಿರುಗಿಸಿ ಹಿಡಿದರು. ಕಡೆಗೆ ದನಿ ತಗ್ಗಿಸಿ, "ಆಯೀ, ನಿನ್ನ ಚಸ್ಮಾ ಒಂದೀಟು ಕೊಡು" ಎಂದರು.

ಇಷ್ಟು ದಿನ ತಪ್ಪು ಹಿಡಿದವರು ಸಾವಕಾರರಲ್ಲ, ಹುಬ್ಬಳ್ಳಿ ಅಂಗಡಿಯವರೆಂದು ಆಗ ಎಲ್ಲರಿಗೂ ತಿಳಿಯಿತು. ಸಾವಕಾರರು ಆಯಿಯ ಕನ್ನಡಕ ಹಾಕಿಕೊಂಡು ಸೆರಗನ್ನು ಎರಡು ಸಲ ನೋಡಿದರು. "ನಾಳೆ ನೂಲು ಕಳಸ್ತೀನಿ" ಎಂದರು. ಕನ್ನಡಕ ತೆಗೆಯಲಿಲ್ಲ. ತಮ್ಮ ಅಂಗೈ ನೋಡಿಕೊಂಡರು, ಆಮಂತ್ರಣ ಪತ್ರಿಕೆ ಓದಿದರು.

ಮೈಕಿನಲ್ಲಿ ಅಧ್ಯಕ್ಷರು, ಇದೆಲ್ಲ ನಮ್ಮ ಎದೆಯ ಬೆಂಕಿಯ ಫಲ ಎನ್ನುತ್ತಿದ್ದರು. ಚಾಚಾ ಚೀಲ ಹೆಗಲಿಗೇರಿಸಿಕೊಂಡು ಎದ್ದವನು, ಹೋಗುತ್ತ ಸಾವಕಾರರ ಮೂಗಿನ ಮೇಲಿಂದ ಕನ್ನಡಕ ತೆಗೆದು ಆಯಿಯ ಕೈಗಿಟ್ಟ.

"ನಿಮಗ ಬೇಕಂದ್ರ ಗುರುವಾರ ಬರ್ರಿ ಸಾವಕಾರ್ರ. ನಾಕರೊಳಗ."