ಕೆಂಚಕ್ಕನ ಎಡಗೆನ್ನೆ

ಜವನಗೊಂಡನಹಳ್ಳಿ ಬಳಿಯ ನಮ್ಮ ಹಟ್ಟಿಯಲ್ಲಿ ಹಲ್ಲುನೋವಿಗೆ ಬೇವಿನ ಕಡ್ಡಿ ಬಳಸುವ ಹಕ್ಕು ಕಳೆದ ಯುಗಾದಿಯಿಂದ ನೋಂದಾಯಿತ ಫಲಾನುಭವಿಗಳಿಗೆ ಮಾತ್ರ ಇರುತ್ತದೆ. ಇದು ಸರಿಯಾದ ಕ್ರಮ. ಮೊದಲೆಲ್ಲ ಯಾರು ಬೇಕಾದರೂ ಕಡ್ಡಿ ಮುರಿದು, ಅಗಿದು, ಉಪ್ಪುನೀರು ಮುಕ್ಕಳಿಸಿ, ಯಾವ ದಾಖಲೆಯೂ ಇಲ್ಲದೆ ಗುಣವಾಗಿಬಿಡುತ್ತಿದ್ದರು.

ಮನೆಮದ್ದು ದಂತರಕ್ಷಾ ಅಭಿಯಾನದವರು ಹಟ್ಟಿಗಿದ್ದ ಒಂದೇ ಬೇವಿನ ಮರಕ್ಕೆ ತಂತಿಬೇಲಿ ಸುತ್ತಿಸಿ, ‘ಔಷಧ ದಾಸ್ತಾನು’ ಎಂದು ಫಲಕ ಹಾಕಿದರು. ಪಕ್ಕದಲ್ಲೇ ಕಚೇರಿ ತೆರೆದು, ಸಂಯೋಜಕರಾಗಿ ನಾಗರಾಜಪ್ಪನವರು ಕುಳಿತರು. ರೋಗಿಯೊಬ್ಬರಿಗೆ ಕಡ್ಡಿ ಎರಡು, ಲವಂಗ ನಾಲ್ಕು, ತ್ರಿಫಲಾ ಪುಡಿ ಒಂದು ಪೊಟ್ಟಣ.

ಮೊದಲು ಬಂದವಳು ಕುರಿ ಕಾಯುವ ಕೆಂಚಕ್ಕ. ವಸಡು ಬಾತು, ಎಡಗೆನ್ನೆ ಹೂರಣದ ಉಂಡೆಯಂತಾಗಿತ್ತು. ಮೂರು ದಿನದಿಂದ ರೊಟ್ಟಿ ಅಗಿದಿರಲಿಲ್ಲ. ನಾಗರಾಜಪ್ಪನವರು ಅವಳ ಮುಖಕ್ಕೆ ಮೊಬೈಲ್ ಹಿಡಿದರು.

“ಮುಖ ಹೊಂದ್ತಿಲ್ಲ ಕಣಮ್ಮ. ಆಧಾರ್ ಕಾರ್ಡಿನ ಫೋಟೋದಾಗೆ ಕೆನ್ನೆ ಸಪಾಟಾಗೈತೆ. ಬಾವು ಇಳಿಸ್ಕಂಡು ಬಾ.”

“ಬಾವು ಇಳಿಸ್ಕಳಾಕೇ ಅಲ್ವ ಸ್ವಾಮಿ ನಿಮ್ಮತ್ರ ಬಂದಿರಾದು?”

“ಇಳಿದ್ಮೇಲೆ ನೀನು ರೋಗಿ ಅಲ್ಲ. ಆಗ ಕೊಡಾಕೆ ಬರಲ್ಲ. ಅದು ಬೇರೆ ನಿಯಮ.”

“ಏನಪ್ಪ, ನಾವು ಕುರಿ ಬಾಯಿ ಬಿಡಿಸಿ, ಹಲ್ಲು ನೋಡಿ ವಯಸ್ಸು ಹೇಳ್ತೀವಿ. ನಿಂಗೆ ಇಷ್ಟು ದೊಡ್ಡ ಮುಖ ನೋಡಿ ಹೆಸರು ಹೇಳಾಕಾಗಲ್ವ?”

“ನೀನು ಕೆಂಚಕ್ಕ ಅಂತ ನಂಗೆ ಗೊತ್ತಮ್ಮ. ಮೊಬೈಲ್‌ಗೆ ಗೊತ್ತಾಗ್ಬೇಕಲ್ಲ.”

ಈ ಉತ್ತರದಲ್ಲಿ ದೋಷ ಹುಡುಕುವುದು ಕಷ್ಟ.

ನಾಗರಾಜಪ್ಪನವರು ಕರುಣೆಯುಳ್ಳವರು. ಹಿರಿಯೂರಿಗೆ ಹೋಗಿ ಕಾರ್ಡಿನ ಫೋಟೋವನ್ನೇ ಬದಲಿಸಿಕೊಳ್ಳುವಂತೆ ಸೂಚಿಸಿದರು. ಕೆಂಚಕ್ಕ ಕುರಿಗಳನ್ನು ತಂಗಿ ಚಂದ್ರಕ್ಕನಿಗೆ ಒಪ್ಪಿಸಿ, ಬಸ್ಸು ಹತ್ತಿ, ಬಾತ ಕೆನ್ನೆಯ ಫೋಟೋ ತೆಗೆಸಿ ಬಂದಳು. ಹೊಸ ಕಾರ್ಡಿಗೆ ಹತ್ತು ದಿನ ಹಿಡಿಯಿತು. ಹತ್ತೂ ದಿನ ಕೆನ್ನೆ ಸಹಕರಿಸಿತು. ಹನ್ನೊಂದನೆಯ ದಿನ ಮೊಬೈಲ್ ಅವಳನ್ನು ಗುರುತಿಸಿತು, ಪೊಟ್ಟಣ ಸಿಕ್ಕಿತು, ವಾರದಲ್ಲಿ ಬಾವು ಇಳಿಯಿತು. ಅಭಿಯಾನದ ಪ್ರಥಮ ಯಶಸ್ಸೆಂದು ಅವಳಿಗೆ ಶಾಲು ಹೊದಿಸಿದರು.

ತಿಂಗಳ ಕೊನೆಗೆ ಅವಳು ಅಕ್ಕಿ ತರಲು ನ್ಯಾಯಬೆಲೆ ಅಂಗಡಿಗೆ ಹೋದಳು. ಅಲ್ಲಿಯೂ ಈಗ ಅದೇ ಕಾರ್ಡಿನ ಮುಖವೇ ಆಧಾರ. ಅಂಗಡಿಯ ಮುರುಗೇಶ್ ಯಂತ್ರ ನೋಡಿ ತಲೆ ಕೆರೆದುಕೊಂಡ.

“ಅಕ್ಕಾ, ಕೆನ್ನೆ ಸಾಲ್ತಿಲ್ಲ.” ಒಂದು ಅಚ್ಚು ಬೆಲ್ಲ ತೆಗೆದುಕೊಟ್ಟ. “ಎಡಗಡೆ ಒತ್ತರಿಸ್ಕಳ್ರಿ.”

“ಬೆಲ್ಲ ಹಲ್ಲಿಗೆ ಆಗಲ್ಲ ಅಂತ ಆ ನಾಗರಾಜಪ್ಪ ಬೋರ್ಡು ಬರೆಸವ್ನಲ್ಲೋ!”

“ಬೋರ್ಡು ಆ ಕಚೇರಿದು. ಅಕ್ಕಿ ಈ ಅಂಗಡೀದು. ಇಟ್ಕಳ್ರಿ.”

ಸರತಿಯಲ್ಲಿದ್ದವರು “ಇನ್ನೊಂಚೂರು ಮ್ಯಾಕೆ... ಆಂ, ಈಗ ಸರಿಯಾತು” ಎಂದು ನೆರವಾದರು. ಅಕ್ಕಿ ಬಂತು. ಇದೇ ಪದ್ಧತಿಯಾಗಿ ನಾಲ್ಕು ತಿಂಗಳು ನಡೆಯಿತು.

ಐದನೆಯ ತಿಂಗಳು ಕೆಂಚಕ್ಕನ ಎಡ ವಸಡು ಮತ್ತೆ ಬಾತಿತು. ಈಗ ಬೆಲ್ಲದ ಅಗತ್ಯವಿಲ್ಲ. ಕಚೇರಿ, ಅಂಗಡಿ, ಎರಡೂ ಕಡೆ ಅವಳ ಮುಖ ಒಂದೇ ಸಲಕ್ಕೆ ಹೊಂದುತ್ತದೆ. ನಾಗರಾಜಪ್ಪನವರು ನಿಯಮದಂತೆ ಪೊಟ್ಟಣ ಕೊಟ್ಟರು. ಅವಳೂ ನಿಯಮದಂತೆ ಹೆಬ್ಬೆಟ್ಟು ಒತ್ತಿ ತಂದು, ಒಡೆಯದೆ ಗೂಟಕ್ಕೆ ನೇತುಹಾಕಿದಳು.

“ಯಾಕಕ್ಕ, ಹಚ್ಕಳಲ್ವ?” ಎಂದಳು ಚಂದ್ರಕ್ಕ.

“ಗುಣ ಆಗ್ಬಿಟ್ರೆ ಅಕ್ಕಿ ಯಾರು ಕೊಡ್ತಾರೆ?”

ಚಂದ್ರಕ್ಕ ಹೌದೆಂದು ತಲೆದೂಗಿ, ಅಕ್ಕನಿಗೆ ಅನ್ನವನ್ನು ಗಂಜಿ ಮಾಡಿ ಬಡಿಸಿದಳು.