ಪಂಚಮಿಗೆ ಕರೆಯಲು ಬರುತ್ತೇನೆಂದ ನಕಲಿ ದೊಡ್ಡಪ್ಪನವರಿಗೆ

ಮಾನ್ಯರೇ,

ಶಿಕಾರಿಪುರದಿಂದ ಗಂಗಾಶ್ರೀ ಮಾಡುವ ನಮಸ್ಕಾರಗಳು. ತಮ್ಮ ನಿಜವಾದ ಹೆಸರು, ಊರು, ಮನೆದೇವರು ಯಾವುದೂ ತಿಳಿಯದ ಕಾರಣ, ತಾವು ಫೇಸ್‌ಬುಕ್‌ನಲ್ಲಿ ಕೃಪೆಯಿಟ್ಟು ಎತ್ತಿಕೊಂಡಿರುವ ನಮ್ಮ ದೊಡ್ಡಪ್ಪ ಮಲ್ಲಿಕಾರ್ಜುನಪ್ಪನವರ ಹೆಸರಿಗೇ ಈ ಪತ್ರ ಬರೆಯುತ್ತಿದ್ದೇನೆ.

ದೂರಿಗೆ ಮೊದಲು, ನಾಲ್ಕು ವರ್ಷ ಮುಚ್ಚಿಟ್ಟಿದ್ದ ಒಂದು ವಿಷಯವನ್ನು ಒಪ್ಪಿಕೊಳ್ಳಬೇಕು. ಬೀಜ, ಗೊಬ್ಬರದ ಅಂಗಡಿಯ ಮಲ್ಲಿಕಾರ್ಜುನಪ್ಪನವರ ಅಸಲಿ ಖಾತೆಯಲ್ಲಿ ದಿನಾ ಶುಭೋದಯ ಹೇಳುತ್ತಿದ್ದವಳು, ತೀರಿಕೊಂಡವರಿಗೆ ಶಾಂತಿ ಕೋರುತ್ತಿದ್ದವಳು, ಯಾರದೋ ಮೊಮ್ಮಗುವಿನ ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ ಹಾಕುತ್ತಿದ್ದವಳು ನಾನು. ಹತ್ತನೇ ತರಗತಿಯನ್ನು ಅರ್ಧಕ್ಕೆ ಬಿಟ್ಟು ಅಂಗಡಿಗೆ ಬಂದವಳಿಗೆ, ಕೂತಲ್ಲಿ ಕೂರಲಾಗದ ಚಪಲಕ್ಕೆ ಅದೊಂದು ಕೆಲಸ ಸಿಕ್ಕಿತ್ತು. ಇಷ್ಟು ದೊಡ್ಡಪ್ಪನಿಗೂ ಗೊತ್ತು. ಅವರಿಗೆ ಇಷ್ಟು ದಿನ ಗೊತ್ತಿರದಿದ್ದುದೇನೆಂದರೆ, ಒಂಬತ್ತು ವರ್ಷದಿಂದ ಅವರು ಮಾತು ಬಿಟ್ಟಿರುವ ಅಕ್ಕನನ್ನು, ಅಂದರೆ ಸೊರಬ ತಾಲ್ಲೂಕಿನ ಹೊಸಬಾಳೆಯಲ್ಲಿರುವ ನಮ್ಮ ನೀಲಾಂಬಿಕ ಅತ್ತೆಯನ್ನು, ಅವರ ಗೆಳೆಯರ ಪಟ್ಟಿಗೆ ಗುಟ್ಟಾಗಿ ಸೇರಿಸಿದವಳು ನಾನು. ಆ ಪಟ್ಟಿಯನ್ನು ಕಂಡಕಂಡವರಿಗೆಲ್ಲ ಕಾಣುವಂತೆ ತೆರೆದಿಟ್ಟವಳೂ ನಾನೇ. ಹೀಗೆ ತಮ್ಮ ಉದ್ಯಮಕ್ಕೆ ಬಾಗಿಲು ತೆಗೆದುಕೊಟ್ಟ ಪುಣ್ಯ ನನ್ನದಾಗಿರುವುದರಿಂದ, ತಮ್ಮನ್ನು ಒಬ್ಬರನ್ನೇ ಬೈಯುವ ಹಕ್ಕು ನನಗಿಲ್ಲ.

ಮಾತು ಬಿಟ್ಟ ಕಾರಣವನ್ನು ತಾವು ತಿಳಿದಿರಬೇಕು, ಈಗ ತಾವೂ ಮನೆಯವರೇ ಆಗಿದ್ದೀರಿ. ದೊಡ್ಡಪ್ಪ ಹೊಸ ಮನೆ ಕಟ್ಟಿಸಿದಾಗ, ಅಕ್ಕನ ಮನೆಗೆ ಖುದ್ದಾಗಿ ಹೋಗಿ ಕುಂಕುಮ ಕೊಟ್ಟು ಕರೆಯುವ ಬದಲು, ಗೃಹಪ್ರವೇಶದ ಕಾರ್ಡನ್ನು ಸೊರಬದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದರು. ಅತ್ತೆ ಬರಲಿಲ್ಲ. ಆ ವರ್ಷದಿಂದ ಪಂಚಮಿಗೆ ತವರಿಗೆ ಕರೆಯಲು ದೊಡ್ಡಪ್ಪನೂ ಹೋಗಲಿಲ್ಲ. ಇಬ್ಬರಲ್ಲಿ ಯಾರು ಹೆಚ್ಚು ಹಟಮಾರಿ ಎಂಬುದನ್ನು ನಮ್ಮ ಮನೆಯಲ್ಲಿ ಇನ್ನೂ ಅಳೆದು ಮುಗಿದಿಲ್ಲ.

ಇಂಥ ಕಡೆ ತಾವು ಕಾಲಿಟ್ಟಿರಿ. ದೊಡ್ಡಪ್ಪನ ಫೋಟೋ, ಹೆಸರು, ಅಂಗಡಿಯ ಬೋರ್ಡು ಎಲ್ಲವನ್ನೂ ನಕಲು ಮಾಡಿ ಅತ್ತೆಗೆ ಹೊಸದಾಗಿ ಸ್ನೇಹದ ಕೋರಿಕೆ ಕಳಿಸಿದಿರಿ. ಮೊದಲೇ ಪಟ್ಟಿಯಲ್ಲಿರುವ ಮನುಷ್ಯ ಮತ್ತೆ ಬಂದು ಬಾಗಿಲು ತಟ್ಟಿದರೆ ಅನುಮಾನ ಬರಬೇಕು. ಆದರೆ ನಮ್ಮ ಕಡೆ ಎರಡು ಸಲ ಕರೆಯುವುದೆಂದರೆ ಮರ್ಯಾದೆ ಹೆಚ್ಚು. ಅತ್ತೆ ಕರಗಿ ಒಪ್ಪಿಕೊಂಡರು. ತಾವು ‘ಊಟ ಆಯಿತೇ ಸಹೋದರಿ’ ಎಂದು ಕೇಳಿದಿರಿ. ನಮ್ಮ ಇಡೀ ತಾಲ್ಲೂಕಿನಲ್ಲಿ ಹುಟ್ಟಿದವರಾರೂ ಅಕ್ಕನನ್ನು ಹಾಗೆ ಕರೆಯುವುದಿಲ್ಲ. ಒಂಬತ್ತು ವರ್ಷದ ಮೇಲೆ ಮಾತಾಡುವವನಿಗೆ ನಾಲಿಗೆ ಬಿಗಿಯಾಗಿರುತ್ತದೆ ಎಂದು ಅತ್ತೆ ಅದನ್ನೂ ಮಾಫಿ ಮಾಡಿದರು. ಆಮೇಲೆ ತಾವು ಫೋನ್ ಬದಲಾಯಿಸುತ್ತಿರುವುದಾಗಿಯೂ, ಅವರ ಮೊಬೈಲಿಗೆ ಆರು ಅಂಕಿಯ ಸಂಖ್ಯೆಯೊಂದು ಬರುವುದಾಗಿಯೂ, ಅದನ್ನು ದಯಮಾಡಿ ಕಳಿಸಬೇಕಾಗಿಯೂ ಬರೆದಿರಿ. ತಮ್ಮನಾದವನು ತನ್ನ ಬಳಿ ಇಷ್ಟು ವರ್ಷಕ್ಕೆ ಏನೋ ಒಂದು ಕೇಳಿದನಲ್ಲ ಎಂಬ ಸಂತೋಷದಲ್ಲಿ ಅತ್ತೆ ಅದನ್ನು ಎರಡೆರಡು ಸಲ ಕಳಿಸಿ, ಕೆಳಗೆ ಪಂಚಮಿಗೆ ಕರೆಯಲು ಯಾವಾಗ ಬರುತ್ತೀ ಎಂದು ಕೇಳಿದರು. ತಾವು, ‘ಖಂಡಿತ ಬರುತ್ತೇನೆ ಸಹೋದರಿ’ ಎಂದು ಉತ್ತರಿಸಿದಿರಿ.

ಮಾನ್ಯರೇ, ಇಲ್ಲಿ ತಮ್ಮನ್ನು ಹೊಗಳದೆ ವಿಧಿಯಿಲ್ಲ. ಮನೆಯ ಹಿರಿಯರು, ಮಠದವರು, ಎರಡೂ ಕಡೆಯ ಬೀಗರು ಸೇರಿ ಒಂಬತ್ತು ವರ್ಷದಲ್ಲಿ ಮಾಡಲಾಗದ ಕೆಲಸವನ್ನು ತಾವು ಮೂರು ಪದಗಳಲ್ಲಿ ಮಾಡಿದಿರಿ. ಆ ಆರು ಅಂಕಿಯಿಂದ ಅತ್ತೆಯ ವಾಟ್ಸ್‌ಆ್ಯಪ್ ತಮ್ಮ ಕೈಗೆ ಹೋಯಿತೆಂಬುದು ಬೇರೆ ಮಾತು. ಅದರಿಂದ ಅವರ ಸ್ತ್ರೀಶಕ್ತಿ ಸಂಘದವರಿಗೆಲ್ಲ ತುರ್ತಾಗಿ ಹಣ ಬೇಕೆಂದು ಬರೆದಿರಿ. ಸಂಘದ ಉಚ್ಚಂಗಮ್ಮನವರು ಮಾತ್ರ ಹಣ ಹಾಕುವ ಬದಲು ಚಪ್ಪಲಿ ಮೆಟ್ಟಿಕೊಂಡು ನೇರ ಅತ್ತೆಯ ಮನೆಗೇ ಹೋಗಿ, ಎದುರು ಮನೆಯಲ್ಲಿದ್ದುಕೊಂಡು ಬಾಯಿ ಬಿಟ್ಟು ಕೇಳುವುದಕ್ಕೆ ನಿನಗೇನು ಧಾಡಿ ಎಂದು ಜಗಳ ತೆಗೆದರಂತೆ. ತಮ್ಮಂಥವರಿಂದ ಪಾರಾಗಲು ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾನು ಕಂಡಿಲ್ಲ: ಬರೆದು ಕೇಳಿದವರನ್ನು ಎದುರಿಗೆ ಹೋಗಿ, ಇಲ್ಲವೇ ಹಳೆಯ ನಂಬರಿಗೆ ಫೋನ್ ಮಾಡಿ, ಕೇಳುವುದು. ಅತ್ತೆ ತೋರಿಸಿದ ಮೆಸೇಜುಗಳಲ್ಲಿ ‘ಸಹೋದರಿ’ಯನ್ನು ಕಂಡು ಮೋಸವೆಂದು ಅರಿತ ಉಚ್ಚಂಗಮ್ಮನವರು ಅವರಿಗೇನೂ ಹೇಳಲು ಮನಸ್ಸಾಗದೆ ಹೊರಗೆ ಬಂದು ನಮ್ಮ ಅಂಗಡಿಗೆ ಫೋನ್ ಮಾಡಿದರು. ಅತ್ತೆ ಆಗಲೇ ಬ್ಯಾಗಿಗೆ ಸೀರೆ ತುಂಬಿಟ್ಟು, ತಮ್ಮ ಬರುತ್ತಾನೆಂದು ದಾರಿ ನೋಡುತ್ತಿದ್ದಾರಂತೆ.

ಆದ್ದರಿಂದ ನನ್ನ ವಿನಮ್ರ ಕೋರಿಕೆ: ಕೊಟ್ಟ ಮಾತಿನಂತೆ ತಾವೇ ಬನ್ನಿ. ಕುಪ್ಪಸದ ಕಣ, ಕೊಬ್ಬರಿ, ಹೂವು ತನ್ನಿ. ಅತ್ತೆಯ ಮನೆಯ ಐದು ಬಗೆಯ ಉಂಡಿಯನ್ನು ಒಂದೂ ಬಿಡದೆ ತಿನ್ನಿ, ಒಂಬತ್ತು ವರ್ಷದ ಬೈಗುಳವನ್ನು ತಲೆತಗ್ಗಿಸಿ ಕೇಳಿ. ಮುಖ ಕದಿಯುವುದು ಸುಲಭ, ಅದರ ಪಾಲಿಗೆ ಬರುವ ಬೈಗುಳವನ್ನೂ ಜೊತೆಗೇ ಒಯ್ಯಬೇಕಲ್ಲವೇ?

ದೊಡ್ಡಪ್ಪನಿಗೆ ಎಲ್ಲವನ್ನೂ ಹೇಳಿದೆ, ನನ್ನ ತಪ್ಪನ್ನೂ ಸೇರಿಸಿ. ನನಗೆ ಬೈಯುತ್ತಾರೆಂದುಕೊಂಡಿದ್ದೆ. ಅವರು ಗಲ್ಲಾಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು, “ಹೋಗ್ಲಿ ಬಿಡವ್ವ, ನಾನೇ ಬರ್ದಿದ್ದು ಅಂತಿರ್ಲಿ. ಹೆಂಗೂ ಫೋಟೋ ನಂದೇ ಐತಲ್ಲ,” ಎಂದರು.

ಹಾಗೇ ಬಿಡಲು ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಆ ಮಾತು ದೊಡ್ಡಪ್ಪನದೆಂದು ಅತ್ತೆ ನಂಬಿಕೊಂಡಿದ್ದರೆ, ನಾಳಿದ್ದು ತಾವು ಮತ್ತೊಂದು ಸಂಖ್ಯೆ ಕೇಳಿದಾಗ ಅದನ್ನೂ ಕೊಡುತ್ತಾರೆ, ಬ್ಯಾಂಕಿನದನ್ನೂ ಕೊಡುತ್ತಾರೆ. ಅದಕ್ಕೇ ಹೇಳಿದೆ: “ಫೋಟೋ ನಿಮ್ದು, ಮಾತು ಕಳ್ಳಂದು ದೊಡ್ಡಪ್ಪ. ನಾನು ಅತ್ತೆಗೆ ಹೇಳೋಳೇ.” ಅಕ್ಕ ಮುನಿಸಿಕೊಂಡು ಬರದೇ ಹೋದರೆ ಏನು ಮಾಡುತ್ತೀ ಎಂದು ಕೇಳಿದರು. ನಾನು ಹೊಸಬಾಳೆಗೆ ಹೋಗಲು ಬಸ್ಸಿನ ವೇಳೆ ನೋಡತೊಡಗಿದೆ.

ತಮ್ಮ ವಿಶ್ವಾಸಿ ಎಂದು ಬರೆಯುವುದು ವಾಡಿಕೆಯಾದ್ದರಿಂದ ಬರೆದಿರುವ, ತಾವು ಎಂದೂ ನಂಬಬಾರದ,
ಗಂಗಾಶ್ರೀ
ಶಿಕಾರಿಪುರ

ತಾ.ಕ.: ಗೆಳೆಯರ ಪಟ್ಟಿಯನ್ನು ಮುಚ್ಚಿದ್ದೇನೆ, ತಮ್ಮ ಖಾತೆಯ ಮೇಲೆ ನಾವೂ ಸಂಘದವರೂ ಸಾಲಾಗಿ ದೂರು ಒತ್ತಿದ್ದೇವೆ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಫೋನ್ ಮಾಡಿ ತಮ್ಮ ಕ್ಷೇಮಸಮಾಚಾರ ತಿಳಿಸಿದ್ದೇನೆ. ಅತ್ತೆಯ ವಾಟ್ಸ್‌ಆ್ಯಪನ್ನು ಅವರ ನಂಬರಿನಲ್ಲೇ ಮರಳಿ ಪಡೆದು, ಎರಡನೆಯ ಬೀಗವಾಗಿ ಪಿನ್ ಹಾಕಿಕೊಡಬೇಕು. ಆ ಪಿನ್ನನ್ನು ಒಡಹುಟ್ಟಿದ ತಮ್ಮನೇ ಕೇಳಿದರೂ ಕೊಡಬೇಡಿ ಎಂದು ಆ ತಮ್ಮನ ಎದುರಿಗೇ ಹೇಳುತ್ತೇನೆ. ದೊಡ್ಡಪ್ಪ ಈಗಷ್ಟೇ ಬಂದು ನನ್ನ ಜೊತೆ ಬರುವುದಾಗಿ ಹೇಳಿದರು, ನಾನು ನಿಜ ಹೇಳಿ ಮುಗಿಸುವವರೆಗೆ ಅಂಗಳದಲ್ಲಿ ನಿಂತಿರುತ್ತಾರಂತೆ. ನಾಳೆ ಬೆಳಿಗ್ಗೆ ಎಂಟು ಗಂಟೆಗೆ ಇಬ್ಬರೂ ಹೊಸಬಾಳೆಗೆ ಹೊರಡುತ್ತೇವೆ.