ನಾಕು ತಾಲೂಕಿಗೆ ಒಂದೇ ಫೋಟೋ ಪೆಟ್ಟಿಗಿ

೧. ಐಡಿ

ಮಂದಿ ತಮ್ಮ ಫೋನಿನಾಗಿನ ಫೋಟೋ ಕಳಕೊಂತಾರ. ನನ್ನ ಫೋನಿಗೆ ಮಂದಿ ಫೋಟೋ ತಾವಾಗೇ ನಡಕೊಂಡು ಬರತಿದ್ದುವು. ಇಂಥಾವೆಲ್ಲಾ ನನಗ ಗಂಟು ಬೀಳತಾವ. ಬ್ಯಾರೇದವರಿಗೆ ಬಿದ್ದರ ತಡಕೊಳ್ಳಾಂಗಿಲ್ಲ.

ನಾ ಸಾಲಿ ಕಟ್ಟಿ ಹತ್ತಿದವಲ್ಲ. ರಸ್ತಾದಾಗಿನ ಮೈಲಗಲ್ಲು ಓದಿ ಅಕ್ಷರ ಕಲತವ. ನಲವತ್ತು ವರ್ಷ ಇಂಡಿಯಿಂದ ಲಿಂಬಿಹಣ್ಣಿನ ಟೆಂಪೋ ಹೊಡದೇನಿ. ಒಮ್ಮೆ ಬ್ರೇಕ್ ಹೋದಾಗ ಸಿಂದಗಿ ತನಕ ಬರೇ ಹಾರ್ನ್ ಮ್ಯಾಲೆ ಗಾಡಿ ತಂದು, ಕಿಡಕ್ಯಾಗಿಂದ ಒಂದು ಲಿಂಬಿಹಣ್ಣು ಮುಂದಿನ ಗಾಲಿ ಬುಡಕ ಒಗದು ನಿಲ್ಲಿಸೇನಿ. ನೋಡಿದವರು ಈಗ ಯಾರೂ ಉಳದಿಲ್ಲ.

ಫೋನು ತಗೊಂಡದ್ದು ಸಂತ್ಯಾಗ. ಸಂತಿಯಿಂದ ಸಂತಿಗೆ ತಿರಗಿ ಫೋನ್ ಮಾರೋ ಒಬ್ಬ ಇದ್ದ. "ಅಜ್ಜಾರ, ಮೇಲ್ ಐಡಿ ಐತೇನ್ರಿ?" ಅಂದ. "ರೇಶನ್ ಕಾರ್ಡ್ ಐತಿ" ಅಂದೆ.

"ಇರಲಿ ಬಿಡ್ರಿ, ನನ್ನ ಕಡೆ ಒಂದು ಐಡಿ ತಯಾರ ಐತಿ. ಇಲ್ಲದವರಿಗೆಲ್ಲಾ ಅದನ್ನ ಹಾಕತೇನಿ. ನಿಮ್ಮ ಫೋಟೋ ಎಲ್ಲಾ ತಾವ ಮ್ಯಾಲೆ ಹೋಗಿ ಕುಂದರತಾವ. ಫೋನ್ ಬಾವ್ಯಾಗ ಬಿದ್ದರೂ ಹೋಗಾಂಗಿಲ್ಲ."

ನನ್ನ ಹೆಂಡತಿ ಬಾಜೂಕ ನಿಂತಿದ್ದಳು. "ಇವರು ಬಿದ್ದರ ಉಳಿಯೋ ಅಂಥಾದ್ದೇನರ ಐತೇನಪಾ?" ಅಂತ ಕೇಳಿದಳು.

೨. ಎಮ್ಮಿ

ವಾರ ಆಗೂದರಾಗ ನನ್ನ ಫೋನಿನಾಗ ಒಂದು ಎಮ್ಮಿ ಬಂತು. ಕರಿ ಎಮ್ಮಿ, ಹಣಿಮ್ಯಾಲೆ ಬಿಳಿ ಚುಕ್ಕಿ. ಅದರ ಹಿಂದ ಒಂದು ಕೂಸು ಬಂತು, ತೊಟ್ಟಿಲದಾಗ. ನಾ ಕಟ್ಟಿಮ್ಯಾಲೆ ಕುಂತು, "ನನ್ನ ಫೋನು ಗಾಳ್ಯಾಗಿನ ಫೋಟೋ ಹಿಡಿತೈತಿ" ಅಂದೆ. ಯಾರೂ ಇಲ್ಲ ಅನಲಿಲ್ಲ. ಎದರಿಗೇ ಎಮ್ಮಿ ಇತ್ತಲ್ಲ.

ಹೆಂಡತಿಗೆ ಆ ಕೂಸಿನ ಹುಚ್ಚು ಹಿಡೀತು. ನಮಗ ಮಕ್ಕಳಿಲ್ಲ. ಮುಂಜಾನೆ ಎದ್ದಕೂಡ್ಲೆ, "ಫೋನ್ ತರ್ರಿ, ಕೂಸು ಏನ್ ಮಾಡಾಕತ್ತೈತಿ ನೋಡೋಣ" ಅನ್ನಾಕಿ. ಹಲ್ಲು ಬಂದ ದಿನ ನಮ್ಮನ್ಯಾಗ ಸಿಹಿ ಸಜ್ಜಕ ಮಾಡಿದಳು.

ಆ ಎಮ್ಮಿ ಮಾತ್ರ ದಿನಾ ನಾಕು ಪೋಜು ಕೊಡತಿತ್ತು. ಫೋನು ತುಂಬೇತಿ ಅಂತ ಬಂತು. ಎಮ್ಮಿ ಅಳಿಸಿದೆ. ಮರುದಿನ ಅದ ಎಮ್ಮಿ, ಅದ ಫೋಟೋ, ತಿರಗಿ ಹಾಜರ. ಮತ್ತ ಅಳಿಸಿದೆ, ಮತ್ತ ಬಂತು. ಹಿಂಗ ಹನ್ನೆರಡು ಸಲ. ಏನೆಲ್ಲಾ ದನ ಕಂಡೇನಿ, ಅಳಿಸಿದ ಮ್ಯಾಲೆ ಕೊಟ್ಟಿಗಿಗೆ ತಿರಗಿ ಬಂದ ಎಮ್ಮಿ ಅದೊಂದ.

೩. ಹೋದದ್ದು

ಹೆಂಡತಿ ಹೋದಳು. ಮೂರು ದಿನದ ಜ್ವರ, ಅಷ್ಟ.

ಅಕಿ ಧ್ವನಿ ಇದ್ದದ್ದು ಒಂದ ವಿಡಿಯೋದಾಗ. ರೊಟ್ಟಿ ಬಡಿಯೂವಾಗ ನಾನ ತಗದದ್ದು, ನನ್ನ ಬೈಯೂದು. ಹತ್ತತ್ರ ಒಂದು ವರ್ಷ ಅದನ್ನ ದಿನಾ ಒಮ್ಮೆ ಹಚ್ಚಿ, ಬೈಸಿಕೊಂಡು, ಆಮ್ಯಾಲೆ ಚಾ ಕುಡೀತಿದ್ದೆ. ಒಂದು ಮುಂಜಾನೆ ನೋಡತೇನಿ, ವಿಡಿಯೋ ಇಲ್ಲ. ಅವತ್ತ ಚಾ ಕುಡೀಲಿಲ್ಲ.

ಸಂತ್ಯಾಗ ಫೋನಿನವನ್ನ ಹಿಡದೆ. ಅಂವ ತಲಿ ಕೆರಕೊಂಡ. "ಅಜ್ಜಾರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಐಡಿ ಇನ್ನೂ ಮೂರು ಮಂದಿಗೆ ಹಾಕೇನಿ. ನಾಕೂ ಮಂದಿದು ಒಂದ ಪೆಟ್ಟಿಗಿ. ಒಬ್ಬರು ಅಳಿಸಿದ್ರ ನಾಕೂ ಫೋನಿನಾಗಿಂದ ಹೋಗತೈತಿ."

"ಮತ್ತ ಬಾವ್ಯಾಗ ಬಿದ್ದರೂ ಹೋಗಾಂಗಿಲ್ಲ ಅಂದಿ?"

"ಬಾವ್ಯಾಗ ಬಿದ್ದರ ಹೋಗಾಂಗಿಲ್ರಿ."

ಅಳಿಸಿದವರ ಫೋನಿನಾಗ ಕಸದ ಬುಟ್ಟಿ ಇರತೈತಂತ. ಅದರಾಗ ಎರಡು ತಿಂಗಳ ಇದ್ದು, ಆಮ್ಯಾಲೆ ಬುಟ್ಟಿ ತಾನ ಖಾಲಿ ಆಗತೈತಂತ. "ಅವರನ್ನ ಹುಡಕರಿ" ಅಂತ ಮೂರು ಊರು ಹೇಳಿದ: ಮುದ್ದೇಬಿಹಾಳ, ಇಂಗಳೇಶ್ವರ, ಯಂಕಂಚಿ. ಎಮ್ಮಿ ಯಂಕಂಚಿದಂತ. ಆ ಊರು ಕಡೀಗಿರಲಿ ಅಂದಕೊಂಡೆ.

೪. ನಾನಿ

ಮುದ್ದೇಬಿಹಾಳದಾಗ ಬಾಗಲಾ ತಗದಾಕಿ ಕೂಸಿನ ತಾಯಿ, ಮಷಿನ್ ಮ್ಯಾಲೆ ಬಟ್ಟಿ ಹೊಲಿಯೋ ಮುಸಲ್ಮಾನರ ಹೆಣಮಗಳು. ನನ್ನ ಮಾರಿ ನೋಡಿ, "ಅಯ್ಯ, ಫೋನಿನಾಗಿನ ಅಜ್ಜಾ!" ಅಂದಳು.

"ಅಳಿಸಿದವರು ನಾವಲ್ರಿ ಅಜ್ಜಾ. ನಮ್ಮಕಿ ಊಟಾ ಮಾಡೂದ ನಿಮ್ಮ ಮನೀ ಅಮ್ಮಾರ ಫೋಟೋ ನೋಡಿಕೋತ. ಅಕಿಗೆ ನಾನಿ, ಅಂದ್ರ ಅಜ್ಜಿ, ಅಂತ ಹೇಳಿಕೊಟ್ಟೇನಿ."

ತೊಟ್ಟಿಲದಾಗ ನೋಡಿದ ಕೂಸು ಈಗ ಓಡ್ಯಾಡತೈತಿ. ನನ್ನ ಹಿಂದ ಯಾರರ ಅದಾರೇನು ಅಂತ ಹಣಿಕಿ ನೋಡಿ, "ನಾನಿ ಎಲ್ಲಿ?" ಅಂತು.

"ರೊಟ್ಟಿ ಬಡ್ಯಾಕತ್ತಾಳ" ಅಂದೆ.

ಇಷ್ಟ ವರ್ಷ ಹೇಳಿದ ಸುಳ್ಳಿನ್ಯಾಗ ಅದ ಎಲ್ಲಕ್ಕಿಂತ ಸಣ್ಣದು. ಅದನ್ನೊಂದು ಹೇಳೂದರಾಗ ಮೈಯೆಲ್ಲಾ ಬೆವತು ಹೋತು.

೫. ಅಳಿಸಿದವ

ಬಾಗೇವಾಡಿ ಸ್ಟ್ಯಾಂಡಿನಾಗ ಬಸ್ಸು ಬದಲಿಸಿ ಇಂಗಳೇಶ್ವರಕ್ಕ ಹೋದೆ. ಅಲ್ಲಿದ್ದವ ವಯಸ್ಸಿನಾಗ ನನ್ನ ವಾರಿಗಿಯವ, ಜ್ವಾಳದ ಹೊಲದ ಒಕ್ಕಲಿಗ. ಸುದ್ದಿ ತಗದಕೂಡ್ಲೆ ಒಪ್ಪಿಕೊಂಡ.

"ಹೌದೋ ಮಾರಾಯಾ, ನಾನ ಅಳಿಸೇನಿ. ವಿಡಿಯೋ ಹಚ್ಚಿದ್ರ ಬರೇ ಕತ್ತಲಿ. ಕತ್ತಲ್ಯಾಗ ಯಾವಾಕೋ ಒಬ್ಬಾಕಿ ಬೈಯಾಕತ್ತಾಳ. ನನ್ನ ಹೆಂಡತಿ ಕೇಳಿ, 'ಈಕಿ ಯಾರು? ಇಷ್ಟ ಸಲಿಗೀಲೆ ಬೈಬೇಕಾದ್ರ ಎಷ್ಟ ದಿನದ ಪರಿಚಯ?' ಅಂತ ಗಂಟು ಬಿದ್ದಳು. ಎಂಟು ದಿನ ಅನ್ನಾ ನೀರು ಇಲ್ಲ ನನಗ."

ಅಂವನ ಹೆಂಡತಿ ಒಳಗಿಂದ, "ಇವರಿಗೆ ಬೈಯಾಕ ನಾ ಒಬ್ಬಾಕಿ ಸಾಕು, ಮತ್ತೊಬ್ಬಾಕಿ ಯಾಕ ಬೇಕ್ರಿ?" ಅಂದಳು.

ಬುಟ್ಟಿ ಎಲ್ಲೈತಿ ಅಂತ ಅಂವಗೂ ಗೊತ್ತಿಲ್ಲ. "ಅಳಿಸೂದಷ್ಟ ಕಲತೇನಿ" ಅಂದ. ಕಣ್ಣಾಗ ನೀರು ತಂದುಕೊಂಡು ಬಸ್ಸಿನ ತನಕ ಬಂದು ಕಳಿಸಿದ.

೬. ಯಂಕಂಚಿ

ಬುಟ್ಟಿ ತಗ್ಯಾಕ ಬಲ್ಲವ ಯಾರು ಅನ್ನೂದು ಆ ಬಸ್ಸಿನಾಗ ಹೊಳೀತು. ಹನ್ನೆರಡು ಸಲ ಎಮ್ಮಿ ತಿರಗಿ ತಂದವ! ಆದ್ರ ಹೋಗಲಿಲ್ಲ. ಇವತ್ತ ಅಮಾಸಿ, ನಾಳೆ ಸಂತಿ, ನಾಡದು ಕಾಲು ನೋವು. ಬ್ರೇಕ್ ಇಲ್ಲದ ಗಾಡಿ ಹೊಡದ ನಾನು ಒಂದು ಎಮ್ಮಿ ಮಾಲಕಗ ಹೆದರಿ ತಿಂಗಳ ಮ್ಯಾಲೆ ಮನ್ಯಾಗ ಕುಂತೆ.

ಕಡೀಕ ಹೋದೆ. ಕೊಟ್ಟಿಗಿ ಖಾಲಿ ಇತ್ತು. ಮೇವು ಹಾಕೋ ಗ್ವಾದ್ಲಿ ಮುಂದ ಒಬ್ಬ ಮುದುಕ ಕುಂತಿದ್ದ.

"ಎಮ್ಮಿ ಅಳಸತಿದ್ದವ ನಾನು" ಅಂದೆ.

ಅಂವ ನನ್ನ ಕೆಳಗಿಂದ ಮ್ಯಾಲಿನ ತನಕ ನೋಡಿದ. "ಅಕಿ ಸತ್ತು ಮೂರು ವರ್ಷಾತು. ಹದಿನಾಲ್ಕು ವರ್ಷ ಹಾಲು ಕೊಟ್ಟಾಕಿ. ಆ ಫೋಟೋ ಬಿಟ್ಟರ ಏನೂ ಇಲ್ಲ. ಈಗೊಂದು ವರ್ಷ ಆತು, ಯಾರೂ ಅಳಿಸವಲ್ರು. ಆ ವೈರಿ ಸತ್ತಿರಬೇಕು ಅಂತ ನಾ ಕಾಯಿ ಒಡಿಸೇನಿ."

"ನಾ ಸಾಯಲಿಲ್ಲ" ಅಂದೆ. "ನನ್ನಾಕಿ ಹೋದಳು."

ಅಂವ ಕೈ ಚಾಚಿ ನನ್ನ ಫೋನು ಇಸಕೊಂಡ. "ನಿನ್ನ ಫೋನಿನಾಗೂ ಬುಟ್ಟಿ ಐತಿ. ನಾಕೂ ಮಂದಿದು ಒಂದ ಬುಟ್ಟಿ" ಅಂದ. ಮೂರು ಊರು ತಿರಗಿ ಹುಡುಕಿದ್ದು ನನ್ನ ಕಿಸೆದಾಗ ಇತ್ತು. ಅದರ ಮ್ಯಾಲೆ ಬರದಿತ್ತು: ಎರಡು ದಿನ ಬಾಕಿ. ಅಂವ ಒಂದು ಗುಂಡಿ ಒತ್ತಿದ. ಬಂತು.

ಹಚ್ಚಿದ್ವಿ. ಕತ್ತಲಿ.

"ಏನೂ ಕಾಣವಲ್ದಲ್ಲೋ!"

"ಅದು ನನ್ನ ಹೆಬ್ಬಟ್ಟು. ಕೇಳು."

ಅಕಿ ಮಾತಾಡಿದಳು. "ಹೆಬ್ಬಟ್ಟು ತಗೀರಿ, ಫೋನಿನ ಕಣ್ಣಿಗೆ ಅಡ್ಡ ಬಂದೈತಿ. ಊರ ಮುಂದೆಲ್ಲಾ ದೊಡ್ಡದೊಡ್ಡ ಹೇಳತೀರಿ, ನಿಮ್ಮ ಬಟ್ಟು ಎಲ್ಲೈತಿ ನಿಮಗ ಗೊತ್ತಿಲ್ಲ. ಮತ್ತ ಆ ಎಮ್ಮಿ ಅಳಸಬ್ಯಾಡ್ರಿ. ಯಾರೋ ಪಾಪ, ಅದರ ಮ್ಯಾಲೆ ಜೀವ ಇಟ್ಟಾರ. ಕೇಳಾಕತ್ತೀರೇನ್? ತಗೀರಿ ಅಂದ್ನೆಲ್ಲ!"

ಈ ಮಾತು ಅದರಾಗ ಐತಿ ಅಂತ ಗೊತ್ತಿದ್ದಕ್ಕ ನಾ ಯಂಕಂಚಿಗೆ ಹೆದರಿದ್ದು.

ಎಮ್ಮಿ ಮುದುಕ ದೋತರದ ತುದೀಲೆ ಮಾರಿ ಒರಸಿಕೊಂಡ. "ಇನ್ನೊಮ್ಮೆ ಹಚ್ಚು" ಅಂದ. ಹಚ್ಚಿದೆ. "ಹೆಬ್ಬಟ್ಟು ತಗೀರಿ" ಅಂದಳು. ನಾನು ಲಗೂನ ಫೋನಿನ ಮ್ಯಾಲಿಂದ ಹೆಬ್ಬಟ್ಟು ತಗದೆ. ಬಾಜೂಕ ಕುಂತ ಅಂವನೂ ತನ್ನ ಬಟ್ಟು ಹಿಂದಕ ಸರಿಸಿದ.

ಕತ್ತಲಿ ಹಂಗ ಇತ್ತು. ಇಬ್ಬರೂ ಬಗ್ಗಿ ಅದರಾಗ ನೋಡಕೋತ ಕುಂತ್ವಿ.